ಬಂಪರಿಗೆ ಕಲಾಯಿ ಹಾಕಿದ ಸಾಬರು

ಮಹಾರಾಜರ ಕಾಲದ ಹುಣಸೂರಿನಲ್ಲಿ ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಸಾಬರೇ ಅಪ್ಪನ ಕಾರಿಗೂ ಡಾಕ್ಟರು. ನಿಕಲ್ ಲೇಪ ಎದ್ದು ತುಕ್ಕು ಹಿಡಿದ ಬಂಪರನ್ನು ಬಿಚ್ಚಿ, ಬೂದಿಯಲ್ಲಿ ತಿಕ್ಕಿ, ಕೆಂಡದ ಮೇಲೆ ಕಾಯಿಸಿ ತವರ ಸವರುತ್ತಿದ್ದರು. ಆರಿದ ಮೇಲೆ ಜಗಲಿಗೆ ಒರಗಿಸಿ, ಬಟ್ಟೆಯಲ್ಲಿ ಉಜ್ಜಿ, ಎದುರಿಗೆ ಸಿಕ್ಕವರನ್ನೆಲ್ಲ ಕೇಳುವರು: "ಮುಖ ಕಾಣ್ತದಾ, ನೋಡಿ?" ಕಾನ್ವೆಂಟ್ ರಜೆಯಲ್ಲಿ ನಾನು ಅದರಲ್ಲೇ ರಿಬ್ಬನ್ ಸರಿಮಾಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಮಜ್ಜಿಗೆ ತಂದ ಅತ್ತೆಯನ್ನೂ ಅಭ್ಯಾಸಬಲದಿಂದ ಕೇಳಿಬಿಟ್ಟರು. ಅತ್ತೆ ಅಪ್ಪನ ತಂಗಿ, ಹದಿನೆಂಟಕ್ಕೇ ವಿಧವೆ. ಅವಳು ಕನ್ನಡಿ ನೋಡುವುದು ನಮ್ಮ ಮನೆಯಲ್ಲಿ ಸ್ಟ್ರಿಕ್ಟ್ ಆಗಿ ನಿಷಿದ್ಧ. ಅವಳು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ.

"ಏನೇ ಅದು, ಮುಖ ನೋಡ್ಕೋತಿದೀಯಾ?" ಒಳಗಿನಿಂದ ಅಜ್ಜಿ ಗದರಿದರು.

ಅತ್ತೆ ಬಿಳಿಚಿಕೊಂಡಳು. ಸಾಬರು ತಮ್ಮ ಪಾಲಿಶನ್ನು ಯಾರಾದರೂ ಹಳಿದರೆ ಸಹಿಸುವವರೇ ಅಲ್ಲ.

"ಎಲ್ಲಿ ಕಾಣ್ತದೆ ಅಜ್ಜಮ್ಮಾ! ನನ್ನ ಕೆಲಸ ಕೆಟ್ಟೋಗ್ಯದೆ, ಬರೀ ಮಬ್ಬು ಕಣ್ರೀ," ಎಂದು ಕೂಗಿದರು.

ಆಮೇಲೆ ಬಂಪರಿನ ಇನ್ನೊಂದು ತುದಿಗೆ ಹೋಗಿ, ಅತ್ತೆಗೆ ಬೆನ್ನು ಹಾಕಿ ಕುಳಿತು, ಬಹಳ ನಿಧಾನವಾಗಿ ಉಜ್ಜತೊಡಗಿದರು. ಈ ತುದಿಯಲ್ಲಿ ಅತ್ತೆ ಇನ್ನೂ ಬಗ್ಗಿಯೇ ಇದ್ದಳು.