ಸವೆಯದ ಬ್ರೇಕ್ ರಬ್ಬರು

ಸೈಕಲ್ಲು ನೋಡಿ ಸವಾರರ ಜಾತಕ ಹೇಳುವುದು ಪಂಕ್ಚರಮ್ಮನ ಹಳೇ ಚಾಳಿ. ಇಪ್ಪತ್ತು ವರ್ಷದಿಂದ ರಿಪೇರಿ ಅಂಗಡಿ ನಡೆಸುತ್ತಿದ್ದವಳು. ಚೈನಿಗೆ ಎಣ್ಣೆ ಕಾಣದಿದ್ದರೆ ಸೋಮಾರಿ, ಬೆಲ್ಲು ತುಕ್ಕು ಹಿಡಿದಿದ್ದರೆ ಬಾಯಲ್ಲೇ ದಾರಿ ಬಿಡಿಸಿಕೊಳ್ಳುವ ಗಟ್ಟಿಗಿತ್ತಿ ಎನ್ನುತ್ತಿದ್ದಳು. ಹತ್ತಕ್ಕೆ ಎಂಟು ಸರಿಯಿರುತ್ತಿತ್ತು. ಉಳಿದೆರಡಕ್ಕೆ ಸೈಕಲ್ಲನ್ನೇ ಬೈಯುತ್ತಿದ್ದಳು.

ಇಂಥವಳೇ ಎದುರಂಗಡಿ ಟೈಲರಮ್ಮನ ಮಗಳ ವಿಷಯದಲ್ಲಿ ಎಡವಿದಳು. ಹದಿನೈದರ ಹುಡುಗಿ ಎರಡು ತಿಂಗಳಲ್ಲಿ ಮೂರು ಸಲ ಇಳಿಜಾರಿನಲ್ಲಿ ಬಿದ್ದು, ಚಕ್ರ ಸೊಟ್ಟ ಮಾಡಿಕೊಂಡು, ಮಂಡಿ ತರಚಿಕೊಂಡು ಬಂದಳು. ಮೊದಲೆರಡು ಸಲ ಪಂಕ್ಚರಮ್ಮ "ಕಣ್ಣು ನೆತ್ತಿ ಮೇಲಿದೆಯೇನೇ?" ಎಂದು ಗದರಿ, ಬ್ರೇಕಿನ ತಂತಿ ಬಿಗಿದು ಕಳಿಸಿದಳು. ಬೈಯುವ ಭರದಲ್ಲಿ ರಬ್ಬರಿನ ಕಡೆ ನೋಡಲೇ ಇಲ್ಲ.

ಮೂರನೇ ಸಲ ನೋಡಿದಳು. ಆರು ತಿಂಗಳ ಹಿಂದೆ ತಾನೇ ಹಾಕಿದ ರಬ್ಬರು ಮೊನ್ನೆ ಹಾಕಿದಂತಿತ್ತು. ಆ ಇಳಿಜಾರಿನಲ್ಲಿ ಅದು ಮೂರು ತಿಂಗಳು ಬಾಳಿದರೆ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಸ್ಪ್ಯಾನರ್ ಕೆಳಗಿಟ್ಟು ಸ್ಟೂಲು ಹತ್ತಿರ ಎಳೆದುಕೊಂಡಳು. "ಪುಟ್ಟಾ, ನೀನು ಬ್ರೇಕ್ ಹಾಕೋದೇ ಇಲ್ಲ ಅಲ್ವಾ?"

ಹುಡುಗಿ ಮಂಡಿ ನೋಡಿಕೊಳ್ಳುತ್ತಿದ್ದಳು. "ಬೇಕಂತ ಬೀಳಲ್ಲ ದೊಡ್ಡಮ್ಮ. ಬಿದ್ರೆ ಬೀಳ್ಲಿ ಅನ್ಸುತ್ತೆ, ಅಷ್ಟೇ. ಊಟಾನೂ ಎಷ್ಟೋ ಸಲ ಹಾಗೇ ಬಿಟ್ಬಿಡ್ತೀನಿ. ಕ್ಲಾಸಲ್ಲಿ ಯಾರೂ ಮಾತಾಡ್ಸಲ್ಲ. ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ."

ನಾಲಿಗೆ ತುದಿಗೆ ಬಂದ ಬುದ್ಧಿಮಾತನ್ನು ಪಂಕ್ಚರಮ್ಮ ನುಂಗಿಕೊಂಡಳು. ಅವಳ ಮಟ್ಟಿಗೆ ಅದೇನು ಸಣ್ಣ ಕೆಲಸವಲ್ಲ.

"ನಂಗೆ ಒಂದೇ ಅಲ್ಲ," ಎಂದಳು. "ಸೈಕಲ್ ಸದ್ಯ ಇಲ್ಲೇ ಇರ್ಲಿ. ಬಾ, ನಿಮ್ಮಮ್ಮನ ಹತ್ರ ಇಬ್ರೂ ಹೋಗೋಣ. ನಿಂಗೆ ಹೇಳೋಕಾಗ್ದಿದ್ರೆ ನಾನು ಹೇಳ್ತೀನಿ."

ಮಗಳಿಗೆ ಗಮನ ಸಾಲದು ಎಂದಷ್ಟೇ ತಿಳಿದಿದ್ದ ಟೈಲರಮ್ಮ ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಹೊಲಿಗೆ ಮೆಷಿನ್ನು ನಿಲ್ಲಿಸಿ, ಹುಡುಗಿಯ ಕೈ ಹಿಡಿದು ಕೂತಳು. ಮರುದಿನ ಮೂವರೂ ನಡೆದೇ ಮನಸ್ಸಿನ ಡಾಕ್ಟರ ಬಳಿ ಹೋದರು. ಒಂದೇ ಸಲಕ್ಕೆ ಏನೂ ಸರಿಹೋಗಲಿಲ್ಲ. ಆಮೇಲೆ ವಾರವಾರ ತಾಯಿ ಮಗಳು ಹೋಗಿಬಂದರು. ಒಂದು ತಿಂಗಳಾದ ಮೇಲೆ ಹುಡುಗಿಯೇ ಕೇಳಿ ಸೈಕಲ್ಲು ಒಯ್ದಳು. ಅವಳು ಇಳಿಜಾರು ಇಳಿಯುವ ಹೊತ್ತಿಗೆ ಪಂಕ್ಚರಮ್ಮನಿಗೆ ಅಂಗಡಿಯ ಹೊರಗೆ ಏನಾದರೊಂದು ಕೆಲಸ ಬೀಳುತ್ತಿತ್ತು.

ಇನ್ನೂ ನಾಲ್ಕು ತಿಂಗಳು ಕಳೆದ ಮೇಲೆ ಹುಡುಗಿ ಸೈಕಲ್ಲು ತಳ್ಳಿಕೊಂಡು ಬಂದಳು. "ಬ್ರೇಕ್ ಹಾಕಿದ್ರೆ ಕೀಚ್ ಅನ್ನುತ್ತೆ ದೊಡ್ಡಮ್ಮ."

ರಬ್ಬರು ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು.

"ಹೀಗೆ ಸವೆಸಿದ್ರೆ ನಾನೆಲ್ಲಿಂದ ತರ್ಲಿ," ಎಂದು ಗೊಣಗುತ್ತಲೇ ಪಂಕ್ಚರಮ್ಮ ಗ್ರೀಸ್ ಕೈಯಲ್ಲಿ ಕಣ್ಣೊರೆಸಿಕೊಂಡಳು. ಮುಖಕ್ಕೆ ಮೆತ್ತಿದ ಮಸಿ ಕಂಡು ಹುಡುಗಿ ನಕ್ಕಳು.