ಶೇಫರ್ ಎಂಬ ಹೆಸರು ಹೊತ್ತು ದೊಡ್ಡೇರಿಗೆ

ನನಗೆ ಹಟ್ಟಿಯಲ್ಲಿ ಜಾಗ ಗೊತ್ತು ಮಾಡಿದೆ ಎಂದು ದೊಡ್ಡೇರಿಯ ಶಾನುಭೋಗರು ಹೇಳಿದಾಗ ಅಳುವೇ ಬಂದುಬಿಟ್ಟಿತು. ಮಂಗಳೂರಿನ ಕಡೆಯವರಾದ ನಿಮಗೆ ಈ ಕಾಗದದಲ್ಲಿ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹಟ್ಟಿಯೆಂದರೆ ದನ ಕಟ್ಟುವ ಕೊಟ್ಟಿಗೆ. ಸರ್ಕಾರಿ ಸೂಲಗಿತ್ತಿಯನ್ನು ದನಗಳ ಜೊತೆ ಮಲಗಿಸುತ್ತಾರಲ್ಲ ಎಂದು ಟ್ರಂಕಿನ ಮೇಲೆ ಕುಸಿದು ಕೂತೆ. ಆಮೇಲೆ ತಿಳಿಯಿತು, ಇಲ್ಲಿ ಹಟ್ಟಿಯೆಂದರೆ ಕುರುಬರ ಕೇರಿ. ಊರೊಳಗೆ ಕ್ರೈಸ್ತರವಳಿಗೆ ಮನೆ ಕೊಡುವವರು ಸಿಕ್ಕಿರಲಿಲ್ಲ.

ಹಟ್ಟಿಯಲ್ಲೂ ಸುಲಭವಾಗಿರಲಿಲ್ಲ. ಯಜಮಾನ ಮಲ್ಲಜ್ಜ ಬಾಗಿಲಲ್ಲೇ ನಿಲ್ಲಿಸಿ ಕೇಳಿದ, "ನಿಮ್ದು ಯಾವ ಕುಲ ತಾಯಿ?"

ಏನು ಹೇಳಲಿ? ನಾನು ಅನಾಥೆ. ಜರ್ಮನ್ ಪಾದ್ರಿಗಳ ಅನಾಥಾಲಯದಲ್ಲಿ ಬೆಳೆದವಳು. ಅಲ್ಲಿನ ಹಿರಿಯ ಪಾದ್ರಿ ತಮ್ಮ ಮನೆತನದ ಹೆಸರನ್ನೇ ನನಗೆ ಕೊಟ್ಟು ಲಿದಿಯಾ ಶೇಫರ್ ಎಂದು ಕರೆದಿದ್ದರು. ಅದನ್ನೇ ಹೇಳಿದೆ.

"ಅಂಗಂದ್ರೇನು?"

ಪಾದ್ರಿಗಳು ನನಗೆ ಹೇಳಿದ್ದನ್ನು ನಾನು ಅಜ್ಜನಿಗೆ ಹೇಳಿದೆ. ಅವರ ದೇಶದಲ್ಲಿ ಹಿಂದೆ ಊರವರ ಕುರಿಗಳನ್ನೆಲ್ಲ ಮೇಯಿಸಲು ಒಬ್ಬನನ್ನು ಇಟ್ಟುಕೊಳ್ಳುತ್ತಿದ್ದರಂತೆ. ಅವನೇ ಶೇಫರ್, ಎಂದರೆ ಕುರಿ ಕಾಯುವವ. ಮನೆತನದ ಹೆಸರು ಹೇಳಿಕೊಳ್ಳುವ ರೂಢಿ ಬಂದಾಗ ಮಾಡುವ ಕೆಲಸವೇ ಹೆಸರಾಗಿ ಅಂಟಿಕೊಂಡಿತು. ಊರೂರಿಗೂ ಕುರಿಗಾಹಿ ಇದ್ದುದರಿಂದ ಹೆಸರೂ ಊರೂರಲ್ಲಿ ಹುಟ್ಟಿತು, ಆಮೇಲೆ ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು.

"ಅಯ್ಯೋ, ಅಂಗಾದ್ರೆ ನಮ್ಮೋಳೇ ಕಣಮ್ಮ! ಬಾ ಒಳಕ್ಕೆ" ಎಂದ ಮಲ್ಲಜ್ಜ. ಮರುಕ್ಷಣವೇ ಅನುಮಾನ. "ಶೇಪರ್‌ಗೋಳು ಶೇಪರ್‌ಗೋಳಿಗೇ ಹೆಣ್ಣು ಕೊಡ್ತಾರಾ?"

"ಕೊಡುತ್ತಾರೆ ಅಜ್ಜ. ಹೆಸರು ಒಂದೇ ಅಷ್ಟೆ, ಅವರು ಸಂಬಂಧಿಗಳಲ್ಲ."

"ಥೂ, ಒಂದೇ ಹೆಸ್ರು ಇಕ್ಕಂಡು ಸಂಬಂಧ ಇಲ್ಲ ಅಂದ್ರೆ ಅದೆಂಥ ಕುಲವಮ್ಮಾ! ಬೆಡಗು ಬ್ಯಾಡ್ವಾ?"

ಬೆಡಗು ಎಂದರೆ ನಮ್ಮ ಕಡೆಯ ಬಳಿಯಂತೆ ಕುಲದೊಳಗಿನ ಒಂದು ವಂಶ. ಒಂದೇ ಬೆಡಗಿನವರು ಅಣ್ಣತಂಗಿಯರು, ಅವರಲ್ಲಿ ಮದುವೆಯಿಲ್ಲ. ಬೆಡಗಿಲ್ಲದ ನನ್ನನ್ನು ಕಂಡು ಅಜ್ಜನಿಗೆ ಏನನ್ನಿಸಿತೋ, ತನ್ನ ಬೆಳ್ಳಿ ಬೆಡಗನ್ನೇ ನನಗೆ ಕೊಟ್ಟುಬಿಟ್ಟ. ಅವನ ಮಗ ಕರಿಯಣ್ಣ ನನಗೆ ಅಣ್ಣನಾದ, ಸೊಸೆ ಸಣ್ಣಕ್ಕ ಅತ್ತಿಗೆಯಾದಳು. ಹುಟ್ಟಿದಂದಿನಿಂದ ನನಗೆ ಬಂಧುಗಳೇ ಇರಲಿಲ್ಲ. ಇದ್ದಕ್ಕಿದ್ದಂತೆ ಇಷ್ಟು ಜನ ಸಿಕ್ಕಿದಾಗ ಹೇಗೆ ನಡೆದುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದವಳು ಸಣ್ಣಕ್ಕ. ಮೊದಮೊದಲು ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಅವಳು ಬೆನ್ನು ಗುದ್ದಿ ನಗುತ್ತಿದ್ದಳು. ಇಲ್ಲಿ ಮೀನಿಲ್ಲ, ಕುಚ್ಚಲಕ್ಕಿಯಿಲ್ಲ. ನಮ್ಮಲ್ಲಿ ಮಳೆ ನಿಲ್ಲಲಿ ಎಂದು ಕಾಯುತ್ತೇವೆ, ಇಲ್ಲಿಯವರು ಬರಲಿ ಎಂದು ಆಕಾಶ ನೋಡುತ್ತಾರೆ. ಭಾನುವಾರ ಒಬ್ಬಳೇ ಕೂತು ಪ್ರಾರ್ಥನೆ ಮಾಡುವಾಗ ನಿಮ್ಮೆಲ್ಲರ ನೆನಪಾಗಿ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು.

ಸಣ್ಣಕ್ಕನ ಎರಡು ಕೂಸುಗಳು ಹೆರಿಗೆಯಲ್ಲೇ ಹೋಗಿದ್ದವು. ಎರಡು ಸಲವೂ ಮಗು ಅಡ್ಡ ತಿರುಗಿತ್ತು. ಅವಳು ಮತ್ತೆ ಬಸುರಿಯಾದಾಗ ಹೊಟ್ಟೆ ಮುಟ್ಟಿ ನೋಡಿದೆ, ಈ ಸಲವೂ ಹಾಗೇ ಆಗುವ ಭಯ ನನಗಿತ್ತು. "ನೀನಿದ್ರೆ ನಂಗೆ ಧೈರ್ಯ ಕಣಮ್ಮ. ಎಲ್ಲೂ ಹೋಗ್ಬ್ಯಾಡ" ಎಂದಳು. ಹೋಗುವುದಿಲ್ಲ ಎಂದು ಅವಳ ಕೈ ಹಿಡಿದು ಹೇಳಿದೆ.

ಅಷ್ಟರಲ್ಲಿ ಜರ್ಮನಿ ಯುದ್ಧ ಶುರುವಾಯಿತು. ಅಲ್ಲಿ ಮಂಗಳೂರಿನಲ್ಲಿ ನಮ್ಮ ಪಾದ್ರಿಗಳನ್ನು ಹಿಡಿದು ಕಾವಲಿನಲ್ಲಿಟ್ಟರೆಂಬ ಸುದ್ದಿ ಬಂತು. ಅದರ ಬೆನ್ನಿಗೇ ನನಗೆ ಮಧುಗಿರಿಯಿಂದ ಕರೆ ಬಂತು. ಶತ್ರು ದೇಶದ ಹೆಸರಿನವಳು ಯಾರು ಎಂದು ಅಮಲ್ದಾರರು ವಿಚಾರಿಸಬೇಕಂತೆ. ನನ್ನ ಕಪ್ಪು ಮುಖ, ಬರಿಗಾಲು ನೋಡಿ ಅವರಿಗೇ ನಗು ಬಂದಿತ್ತು. "ಸರಿಯಮ್ಮ, ನಿನ್ನ ಪರವಾಗಿ ಯಾರಾದರೂ ಹೇಳುವವರಿದ್ದಾರೆಯೆ?" ಎಂದರು. ಇದ್ದರು. ಗಾಡಿ ಕಟ್ಟಿಕೊಂಡು ಹಟ್ಟಿಯೇ ಬಂದು ಹೊರಗೆ ಕೂತಿತ್ತು.

ಮಲ್ಲಜ್ಜ ಒಳಗೆ ಬಂದು ಕೈಮುಗಿದ. "ಇವ್ಳು ನಮ್ಮ ಬೆಳ್ಳಿ ಬೆಡಗಿನ ಹೆಣ್ಣು ಬುದ್ಧೀ. ನನ್ನ ಮಗಳು."

"ಹೆಸರು ಶೇಫರ್ ಎಂದಿದೆಯಲ್ಲಯ್ಯ?"

"ಅದೂ ನಮ್ಮೋರ ಹೆಸ್ರೇ ಬುದ್ಧೀ. ಜರ್ಮನಿ ತುಂಬಾ ನಮ್ಮೋರೇ ಅವ್ರಂತೆ. ಅವ್ರೂ ನಾವೂ ಒಂದೇ."

ಅಮಲ್ದಾರರ ನಗು ಮಾಯವಾಯಿತು. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಎದ್ದು ನಿಂತರು. "ಜರ್ಮನರು ನಿಮ್ಮವರು ಅಂತ ಯಾರಯ್ಯ ನಿಮಗೆ ಹೇಳಿಕೊಟ್ಟಿದ್ದು?" ಅಜ್ಜ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದ. ಯಾವ ಮಾತು ಹೇಳಿ ಆ ಮುದುಕನ ಪ್ರೀತಿಯನ್ನು ಅಲ್ಲಗಳೆಯಲಿ?

ಹಟ್ಟಿಯವರಿಗೆ ಜರ್ಮನರ ಕಡೆಯ ಮಾತು ಹೇಳಿಕೊಡುತ್ತಾಳೆಂದು ನನ್ನನ್ನು ಪಾವಗಡಕ್ಕೆ ಕಳಿಸಿದರು. ಹೆರಿಗೆ ಮುಗಿಯುವವರೆಗಾದರೂ ಬಿಡಿ ಎಂದು ಅಮಲ್ದಾರರ ಕಾಲು ಹಿಡಿದೆ. ಮೇಲಿನವರಿಗೆ ನಾನೂ ಉತ್ತರ ಹೇಳಬೇಕಮ್ಮ ಎಂದು ಮುಖ ತಿರುಗಿಸಿಕೊಂಡರು. ಸಣ್ಣಕ್ಕನಿಗೆ ಹೋಗಿಬರುತ್ತೇನೆ ಎನ್ನಲೂ ಬಿಡಲಿಲ್ಲ.

ಇಲ್ಲಿ ಕಚೇರಿಯ ಮಾತು ಬಿಟ್ಟರೆ ಉಳಿದುದೆಲ್ಲ ತೆಲುಗು. ನೀರಿಗೆ ಹೋದರೆ ಹೆಂಗಸರು "ಮೀದಿ ಏ ಊರಮ್ಮಾ?" ಎನ್ನುತ್ತಾರೆ, ನಿಮ್ಮದು ಯಾವ ಊರು ಎಂದು. ದೊಡ್ಡೇರಿ ಎಂದುಬಿಡುತ್ತೇನೆ. ನೀವು ಬೇಸರ ಮಾಡಿಕೊಳ್ಳಬೇಡಿ, ಬಾಯಿಗೆ ಅದೇ ಬರುತ್ತದೆ. ಪೊಲೀಸು ಠಾಣೆಗೆ ಹೋಗಿ ಮುಖ ತೋರಿಸುವಾಗ ಮಾತ್ರ ಮಂಗಳೂರು ಎನ್ನಬೇಕು.

ಮೊನ್ನೆ ಕರಿಯಣ್ಣ ಕುರಿ ಹೊಡೆದುಕೊಂಡು ಈ ಕಡೆಗೆ ಬಂದಿದ್ದ. ಬಾಗಿಲಲ್ಲಿ ನಿಂತವನ ಮುಖ ನೋಡಿಯೇ ನನಗೆ ಗೊತ್ತಾಯಿತು.

"ಕೂಸು ಉಳೀತು ಕಣಮ್ಮ. ಅವ್ಳು ಹೋಗ್ಬುಟ್ಳು" ಎಂದ.

ನಾನಿದ್ದಿದ್ದರೆ ಮಗುವನ್ನು ತಿರುಗಿಸುತ್ತಿದ್ದೆ. ಅದು ನನಗೆ ಗೊತ್ತು, ಅವನಿಗೂ ಗೊತ್ತು. ಕೂಸಿಗೆ ಏನು ಹೆಸರಿಟ್ಟಿರಿ ಎಂದು ಕೇಳಿದೆ.

"ಶೇಪಮ್ಮ ಅಂತ. ಸಾಯೋ ಮುಂಚೆ ಅವ್ಳೇ ಹೇಳಿದ್ದು. ಒಂದ್ಸಲ ಬಂದು ಎತ್ತಿ ಆಡ್ಸಿ ಹೋಗಮ್ಮ."

ನನಗೆ ಪಾವಗಡ ಬಿಟ್ಟು ಹೋಗಲು ಅಪ್ಪಣೆಯಿಲ್ಲ ಅಣ್ಣ ಎಂದೆ.