ನೀಲಿ ಗೇಟಿನ ಚಿತ್ರ ಮತ್ತು ಅನಂತಮತಿ ಟೀಚರ್

ದುಡಿಮೆಯಲ್ಲಿ ಬಾಲ್ಯವನ್ನು ಕಳೆದುಕೊಂಡ ಮಕ್ಕಳ ಸಂಕಟವನ್ನು ಬಣ್ಣಗಳಲ್ಲಿ ಮೂಡಿಸಿ, ನೋಡುವವರು ತಲೆತಗ್ಗಿಸಿ ನಿಲ್ಲುವಂತೆ ಮಾಡಿದ ಚಿತ್ರಕಲಾ ಶಿಕ್ಷಕರು ನಮ್ಮ ಕಡೆ ಬೆರಳೆಣಿಕೆಯಷ್ಟು. ಅವರಲ್ಲಿ ಅನಂತಮತಿಯವರದು ಗೌರವದ ಹೆಸರು. ಶಿರ್ತಾಡಿಯ ಮನೆಯಿಂದ ಗುರುವಾಯನಕೆರೆ ಸಮೀಪದ ಪ್ರೌಢಶಾಲೆಗೆ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಓಡಾಡಿದ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಬಣ್ಣವಿಲ್ಲದೆ ಬಂದ ಮಗುವಿಗೆ ತಮ್ಮದೇ ಪೆಟ್ಟಿಗೆ ಕೊಟ್ಟು, ಕೊಟ್ಟದ್ದನ್ನು ಮರೆತುಬಿಡುವುದು ಅವರ ಸ್ವಭಾವ. ಆದರೆ ಅವರೇ ಮರೆಯಲಾಗದ ನಾಲ್ಕು ದಿನಗಳಿವೆ.

ಒಂಬತ್ತು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ನವ್ಯಶ್ರೀ ‘ನನ್ನ ಭಾನುವಾರ’ ಎಂಬ ವಿಷಯಕ್ಕೆ ನೀಲಿ ಗೇಟು, ತಗಡಿನ ಶೆಡ್ಡು, ಒಳಗೆ ಗೇರುಬೀಜ ಒಡೆಯುತ್ತ ಕುಳಿತ ಹುಡುಗಿಯರನ್ನು ಬರೆದಳು. ಎಲ್ಲರ ಬೆರಳಿಗೂ ಕಪ್ಪು ಬಣ್ಣ. ಅನಂತಮತಿಯವರು ಅವಳ ಕೈ ಹಿಡಿದು ನೋಡಿದರೆ, ಸಿಪ್ಪೆಯ ಎಣ್ಣೆಗೆ ಚರ್ಮ ಸುಲಿದಿತ್ತು. ಜನ ಇದನ್ನು ನೋಡಲೇಬೇಕೆಂದು ಮೂಡುಬಿದಿರೆಯ ಮಕ್ಕಳ ಚಿತ್ರಪ್ರದರ್ಶನದಲ್ಲಿ ಆ ಚಿತ್ರವನ್ನು ಹೆಸರಿಲ್ಲದೆ ತೂಗುಹಾಕಿದರು. ಗೇಟಿನ ಬಣ್ಣವೇ ಗುರುತು ಹೇಳೀತೆಂದು ಅವರಿಗೆ ಹೊಳೆಯಲಿಲ್ಲ.

ಸೋಮವಾರ ಆ ಗೇರುಬೀಜ ಕಾರ್ಖಾನೆಯ ಮ್ಯಾನೇಜರು ಶಾಲೆಗೇ ಬಂದರು. “ಚಿತ್ರ ಚೆಂದ ಉಂಟು ಟೀಚರ್. ಗೇಟು ನಮ್ಮದೇ. ಬರೆದ ಹುಡುಗಿಯ ಮನೆಯೂ ನಮಗೆ ಗೊತ್ತುಂಟು,” ಎಂದು ನಗುತ್ತಲೇ ಹೇಳಿ ಹೋದರು.

ಮರುದಿನ ನವ್ಯಶ್ರೀ ಬರಲಿಲ್ಲ. ಗಣಿತದ ಅಬ್ದುಲ್ ಮಜೀದ್ ಮಾಸ್ಟ್ರ ಜೊತೆ ಮನೆಗೆ ಹೋದರೆ ಬಾಗಿಲಿಗೆ ಬೀಗ. ಕೇಳಿದ್ದಕ್ಕೆ ನೆರೆಯವರು ಮುಖ ತಿರುಗಿಸಿದರು. ಅನಂತಮತಿಯವರು ಬೀಗದ ಮುಂದಿನ ಮೆಟ್ಟಿಲಲ್ಲೇ ಕುಳಿತುಬಿಟ್ಟರು.

“ಆ ಮಗುವಿಗೆ ಏನಾದರೂ ಆದರೆ ನಾನೇ ಮಾಡಿದ ಹಾಗೆ ಮಾಸ್ಟ್ರೇ.”

“ಹಾಗೆಲ್ಲ ಹೇಳ್ಬೇಡಿ ಟೀಚರ್. ಹುಡುಕುವ.”

ನಾಲ್ಕನೆಯ ದಿನ, ಬಂಟ್ವಾಳದಲ್ಲಿ ಚಿಕ್ಕಮ್ಮನ ಮನೆಯಲ್ಲಿ ತಾಯಿ ಮಗಳು ಸಿಕ್ಕಿದರು. ತಾಯಿ ಬಾಗಿಲನ್ನು ಅರ್ಧವೇ ತೆರೆದರು. “ಮೆಲ್ಲ ಮಾತಾಡಿ ಟೀಚರೇ. ಅವರ ಜನ ಬೈಕಿನಲ್ಲಿ ಬಂದು ಹೆದರಿಸಿ ಹೋದ್ರು. ನನಗೂ ಅಲ್ಲಿಯೇ ಕೆಲಸ. ನಾವು ಎಲ್ಲಿಗೆ ಹೋಗುವುದು?”

“ತಪ್ಪು ನನ್ನದಮ್ಮ. ಮಗುವಿನ ಹೆಸರು ಎಲ್ಲಿಯೂ ಬರುವುದಿಲ್ಲ. ದೂರಿಗೆ ನಾನೊಬ್ಬಳೇ ಸಹಿ ಹಾಕ್ತೇನೆ,” ಎಂದರು ಅನಂತಮತಿ.

ಹೇಳಿದ ಹಾಗೆಯೇ ದೂರು ಬರೆದು ಸಹಿ ಹಾಕಿ ಕೊಟ್ಟರು. ಕಾರ್ಮಿಕ ಇಲಾಖೆಯವರು ಬಂದು ಶೆಡ್ಡಿನಿಂದ ಏಳು ಮಕ್ಕಳನ್ನು ಹೊರಗೆ ತಂದರು. ಆಮೇಲೆ ಆರು ವಾರ ಒಂದು ಬೈಕು ಅನಂತಮತಿಯವರ ಬಸ್ಸಿನ ಹಿಂದೆಯೇ ಬರುತ್ತಿತ್ತು. ಪ್ರತಿದಿನ ಹೆದರಿದರು, ಪ್ರತಿದಿನ ಶಾಲೆಗೆ ಬಂದರು. ನವ್ಯಶ್ರೀಯ ತಾಯಿಗೆ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದರು. ನವ್ಯಶ್ರೀ ಈಗ ಬೆಳ್ತಂಗಡಿಯಲ್ಲಿ ನರ್ಸ್.

ಅಂದಿನಿಂದ ಮಕ್ಕಳ ದುಡಿಮೆಯ ಚಿತ್ರಗಳನ್ನು ಅವರು ತಾವೇ ಬರೆದು, ಕೆಳಗೆ ತಮ್ಮ ಹೆಸರನ್ನು ದೊಡ್ಡದಾಗಿ ಹಾಕುತ್ತಾರೆ. ಕೋಪ ಬರುವುದಿದ್ದರೆ ತಮ್ಮ ಮೇಲೆ ಬರಲಿ ಎಂದು. ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಇಂದಿಗೂ ಅವರ ಎದೆ ಝಲ್ಲೆನ್ನುತ್ತದೆ. ಅನಂತಮತಿಯವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಒದಗಲಿ, ಅವರ ಕುಂಚ ಇನ್ನೂ ಬಹುಕಾಲ ದುಡಿಯಲಿ. ಅವರು ಹೊತ್ತ ಆ ಹೆದರಿಕೆಯನ್ನು ಇನ್ನು ಮುಂದೆ ನಾವೂ ಸ್ವಲ್ಪ ಹೊರುವಂತಾಗಲಿ.